ಹನಿಗೆ ಕೋನ ಒಂದಾ, ಎರಡಾ? ಯಂಗ್, ವೆಂಜಲ್, ಕ್ಯಾಸಿ ಸೂತ್ರಗಳ ಬಗ್ಗೆ

ಬಸವನಗುಡಿ_ಹುಡುಗ
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಭೌತಶಾಸ್ತ್ರ, ಕೊನೆಯ ವರ್ಷ. ಘನ ವಸ್ತುವಿನ ಮೇಲೆ ದ್ರವ ಯಾವಾಗ ಹರಡುತ್ತದೆ, ಯಾವಾಗ ಹನಿಯಾಗಿ ಕೂರುತ್ತದೆ ಅನ್ನುವುದು ನನ್ನ ಪ್ರಾಜೆಕ್ಟ್. ಗಾಜಿನ ಸ್ಲೈಡ್‌ಗೆ ಪ್ಯಾರಾಫಿನ್ ಮೇಣ ಹಚ್ಚಿ, ಮೇಲೆ ನೀರಿನ ಹನಿ ಇಟ್ಟು, ಪಕ್ಕದಿಂದ ಫೋಟೋ ತೆಗೆದು ಸಂಪರ್ಕ ಕೋನ, ಅಂದರೆ ಹನಿಯ ಅಂಚು ಮೇಲ್ಮೈ ಜೊತೆ ನೀರಿನ ಒಳಬದಿಯಲ್ಲಿ ಮಾಡುವ ಕೋನ, ಅಳೆಯುತ್ತಿದ್ದೇನೆ. ಒಂದು ಸ್ಲೈಡ್ ನಯ, ಇನ್ನೊಂದು ಎಮರಿ ಕಾಗದದಲ್ಲಿ ಉಜ್ಜಿದ್ದು. ಒರಟುತನದಿಂದ ಕೋನ ಎಷ್ಟು ಬದಲಾಗುತ್ತದೆ ಎಂದು ಹೇಳುವ ವೆಂಜಲ್ ಸೂತ್ರ ಹೊಂದುತ್ತದೆಯೇ ಎಂದು ನೋಡಬೇಕು.

ತಲೆಬಿಸಿ ಏನೆಂದರೆ, ನಯವಾದ ಮೇಣದ ಮೇಲೂ ಒಂದೇ ಕೋನ ಸಿಗುತ್ತಿಲ್ಲ. ಸೂಜಿಯಿಂದ ನೀರು ತುಂಬುತ್ತಾ ಹೋದರೆ 110 ಡಿಗ್ರಿಯ ಹತ್ತಿರ. ಅದೇ ಹನಿಯಿಂದ ಸ್ವಲ್ಪ ನೀರು ಹೀರಿಕೊಂಡರೆ ಅಂಚು ಅಲ್ಲೇ ನಿಲ್ಲುತ್ತದೆ, ಕೋನ ಮಾತ್ರ ಇಳಿಯುತ್ತದೆ. ಉಜ್ಜಿದ ಮೇಣದ ಮೇಲೆ ಈ ವ್ಯತ್ಯಾಸ ಇನ್ನೂ ಜಾಸ್ತಿ. ಗೈಡ್ "ಸರಾಸರಿ ತಗೊಂಡು ಬಿಡು" ಎನ್ನುತ್ತಾರೆ. ಸೂತ್ರದಲ್ಲಿ ಹಾಕಬೇಕಾದ ಕೋನ ಯಾವುದು?

ಮಲ್ಲೇಶ್ವರದ_ಮೇಷ್ಟ್ರು
ನೋಡಪ್ಪಾ, ವೆಂಜಲ್‌ಗೆ ಹೋಗುವ ಮೊದಲು ಯಂಗ್ ಹೇಳಿದ್ದನ್ನು ಗಟ್ಟಿ ಮಾಡಿಕೊ. ಬೆಳಕಿನ ಎರಡು ಸೀಳಿನ ಪ್ರಯೋಗದ ಥಾಮಸ್ ಯಂಗ್ ಅವರೇ ಇವರು. 1805ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಲೇಖನ. ಅದರಲ್ಲಿ ಈ ಸಮೀಕರಣ ಬರೆದೇ ಇಲ್ಲ, ಎಲ್ಲ ಮಾತಿನಲ್ಲೇ ಹೇಳಿದ್ದಾರೆ. ನಾವು ಬೋರ್ಡ್ ಮೇಲೆ ಬರೆಯುವ ರೂಪ ಆಮೇಲಿನವರದು.

ಹನಿಯ ಅಂಚಿನಲ್ಲಿ ಮೂರು ಮೇಲ್ಮೈ ಎಳೆತಗಳಿವೆ. ಘನ-ಗಾಳಿ, ಘನ-ದ್ರವ, ದ್ರವ-ಗಾಳಿ. ಮೊದಲನೆಯದರಿಂದ ಎರಡನೆಯದನ್ನು ಕಳೆ. ಬರುವುದು ಮೂರನೆಯದು ಗುಣಿಸು ಕೋನದ ಕೊಸೈನ್. ಇಷ್ಟೇ ಸೂತ್ರ. ಕೋನ 90ಕ್ಕಿಂತ ಕಡಿಮೆಯಾದರೆ ನೀರಿಗೆ ಆ ಮೇಲ್ಮೈ ಇಷ್ಟ, ಜಾಸ್ತಿಯಾದರೆ ಇಷ್ಟವಿಲ್ಲ.

ಇದರಲ್ಲಿ ಎರಡು ಸಂಗತಿ ಸಾಮಾನ್ಯವಾಗಿ ಪಾಠದಲ್ಲಿ ಬಿಟ್ಟುಹೋಗುತ್ತವೆ. ಒಂದು, ಇದು ಅಡ್ಡ ದಿಕ್ಕಿನ ಲೆಕ್ಕ ಮಾತ್ರ. ದ್ರವದ ಎಳೆತಕ್ಕೆ ಮೇಲ್ಮುಖ ಭಾಗವೂ ಇದೆ, ಅದನ್ನು ಘನವೇ ತಡೆದುಕೊಳ್ಳುತ್ತದೆ. ಗಾಜಿನಲ್ಲಿ ಅದು ಕಾಣುವುದಿಲ್ಲ. ಮೆತ್ತಗಿನ ಜೆಲ್ ಮೇಲೆ ಹನಿ ಇಟ್ಟರೆ ಅಂಚಿನಲ್ಲಿ ಸಣ್ಣ ದಿಬ್ಬವೇ ಏಳುತ್ತದೆ. ಎರಡು, ದ್ರವ-ಗಾಳಿ ಎಳೆತವನ್ನು ಸುಲಭವಾಗಿ ಅಳೆಯಬಹುದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿಗೆ ಮೀಟರಿಗೆ 72.8 ಮಿಲಿನ್ಯೂಟನ್. ಗಟ್ಟಿ ಘನದ ಉಳಿದೆರಡು ಎಳೆತಗಳನ್ನು ಹಾಗೆ ನೇರವಾಗಿ ಅಳೆಯಲು ಬರುವುದಿಲ್ಲ. ಹಾಗಾಗಿ "ಯಂಗ್ ಸೂತ್ರವನ್ನು ಪರೀಕ್ಷೆ ಮಾಡಿದೆ" ಎನ್ನುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡು.

ಸುಮಾ_ಹನಿಲ್ಯಾಬ್
ಮೇಷ್ಟ್ರು ಹೇಳಿದ್ದಕ್ಕೆ ಸೇರಿಸುತ್ತೇನೆ. ಯಂಗ್ ಸೂತ್ರ ಒಂದು ಆದರ್ಶ ಮೇಲ್ಮೈಗೆ ಬರೆದದ್ದು. ಪೂರ್ತಿ ನಯ, ಎಲ್ಲ ಕಡೆ ಒಂದೇ ರಸಾಯನ, ಗಟ್ಟಿ, ನೀರಿನ ಜೊತೆ ಯಾವ ಪ್ರತಿಕ್ರಿಯೆಯೂ ಇಲ್ಲ. ಅಂಥದ್ದರ ಮೇಲೆ ಒಂದೇ ಕೋನ. ನಿಜವಾದ ಮೇಲ್ಮೈ ಮೇಲೆ ಅಂಚು ಸಣ್ಣ ಸಣ್ಣ ಗೀರು, ಕೊಳೆ, ಉಬ್ಬುಗಳಿಗೆ ಸಿಕ್ಕಿಕೊಳ್ಳುತ್ತದೆ. ಮುಂದೆ ಹೋಗಬೇಕಾದರೆ ಕೋನ ಒಂದು ಮಟ್ಟಕ್ಕೆ ಏರಬೇಕು. ಹಿಂದೆ ಬರಬೇಕಾದರೆ ಇನ್ನೊಂದು ಮಟ್ಟಕ್ಕೆ ಇಳಿಯಬೇಕು. ಮೊದಲನೆಯದು ಮುನ್ನುಗ್ಗುವ ಕೋನ, ಎರಡನೆಯದು ಹಿಂಜರಿಯುವ ಕೋನ. ನಡುವಿನ ಯಾವ ಕೋನದಲ್ಲಾದರೂ ಹನಿ ಸುಮ್ನೆ ಕೂತಿರಬಹುದು. ಈ ಅಂತರಕ್ಕೇ ಹಿಸ್ಟರಿಸಿಸ್ ಎನ್ನುತ್ತಾರೆ.

ಅಂದರೆ ನಿನ್ನ ಅಳತೆಯಲ್ಲಿ ದೋಷವಿಲ್ಲ. ನೀನು ನೋಡುತ್ತಿರುವುದೇ ಅಸಲಿ ವಿಷಯ. ಸರಾಸರಿ ತೆಗೆದರೆ ಅದನ್ನೇ ಅಳಿಸಿ ಹಾಕಿದ ಹಾಗೆ. ಆ ಸರಾಸರಿ ಯಂಗ್ ಕೋನ ಎಂದು ಹೇಳಲು ಗಟ್ಟಿ ಆಧಾರವೂ ಇಲ್ಲ. ಯಂಗ್ ಕೋನ ಎರಡರ ನಡುವೆ ಎಲ್ಲೋ ಇದೆ, ಅಷ್ಟೇ. ಕೆಲವರು ಹನಿಯನ್ನು ಮೆಲ್ಲಗೆ ನಡುಗಿಸಿ, ಸಿಕ್ಕಿಕೊಂಡ ಅಂಚನ್ನು ಬಿಡಿಸಿ, ಅದು ನೆಲೆ ನಿಲ್ಲುವ ಕೋನ ನೋಡುತ್ತಾರೆ. ಸರಾಸರಿಗಿಂತ ಅದು ವಾಸಿ.

ಇನ್ನು ವೆಂಜಲ್. 1936ರ ಪ್ರಬಂಧ. ಮೇಲ್ಮೈ ಉಬ್ಬುತಗ್ಗಾಗಿದ್ದರೆ ನಿಜವಾದ ವಿಸ್ತೀರ್ಣ ಮೇಲಿಂದ ಕಾಣುವುದಕ್ಕಿಂತ ಜಾಸ್ತಿ. ಎಷ್ಟು ಪಟ್ಟು ಜಾಸ್ತಿಯೋ ಅಷ್ಟರಿಂದ ಕೊಸೈನನ್ನು ಗುಣಿಸು. ನಯವಾದ ಮೇಣ 110 ಡಿಗ್ರಿ, ಒರಟುತನ 1.5 ಎಂದುಕೊ. 110ರ ಕೊಸೈನ್ ಮೈನಸ್ 0.342. ಗುಣಿಸಿದರೆ ಮೈನಸ್ 0.513. ಕೋನ ಸುಮಾರು 121. ಅದೇ ಒರಟು ಗಾಜು ತಗೊ. ನಯವಾಗಿದ್ದಾಗ 40 ಡಿಗ್ರಿ ಇದ್ದರೆ, ಒರಟುತನ 1.3 ಆದರೂ ಸಾಕು, ಕೋನ 5ಕ್ಕೆ ಇಳಿಯುತ್ತದೆ. 1.5 ಮಾಡಿದರೆ ಕೊಸೈನ್ 1.15 ಬರುತ್ತದೆ, ಅಂಥ ಕೋನವೇ ಇಲ್ಲ. ಹಾಗೆಂದರೆ ನೀರು ಹನಿಯಾಗಿ ಕೂರುವುದಿಲ್ಲ, ಗೀರುಗಳ ಒಳಗೆ ಹರಿದು ಹರಡುತ್ತದೆ.

ಒಂದು ಎಚ್ಚರಿಕೆ. ಮೇಣವನ್ನು ಎಮರಿಯಲ್ಲಿ ಉಜ್ಜಿದರೆ ಎಮರಿ ಪುಡಿ ಮೇಣದಲ್ಲೇ ಉಳಿಯುತ್ತದೆ. ಆಗ ಒರಟುತನ ಮಾತ್ರವಲ್ಲ, ರಸಾಯನವೂ ಬದಲಾಯಿತು. ಒರಟು ಅಚ್ಚಿನ ಮೇಲೆ ಮೇಣ ಸುರಿದು, ಆರಿದ ಮೇಲೆ ಕಿತ್ತು ತೆಗೆಯುವುದು ಮೇಲು.

ಪೀಣ್ಯ_ಪ್ರಿಂಟರ್
ಸುಮಾ ಮೇಡಂ, ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ನಮ್ಮದು ಪ್ಲಾಸ್ಟಿಕ್ ಕವರ್ ಪ್ರಿಂಟಿಂಗ್. ಯಾವ ಕೋನವನ್ನೂ ನಾವು ಅಳೆಯುವುದಿಲ್ಲ. ಡೈನ್ ಪೆನ್, ಅಂದರೆ ಗೊತ್ತಾದ ಮೇಲ್ಮೈ ಎಳೆತದ ಇಂಕ್ ತುಂಬಿದ ಪೆನ್, ತಗೊಂಡು ಪಾಲಿಥೀನ್ ರೋಲ್ ಮೇಲೆ ಒಂದು ಗೆರೆ ಎಳೆಯುತ್ತೇವೆ. ಗೆರೆ ಹಾಗೇ ನಿಂತರೆ ಓಕೆ. ಮಣಿಮಣಿಯಾಗಿ ಒಡೆದರೆ ರೋಲ್ ಮತ್ತೆ ಕರೋನಾ ಟ್ರೀಟ್‌ಮೆಂಟ್‌ಗೆ, ಅಂದರೆ ಮೇಲ್ಮೈಗೆ ವಿದ್ಯುತ್ ಕಿಡಿ ಹಾಯಿಸುವುದಕ್ಕೆ. ಕೆಲಸ ನಡೆಯುತ್ತದೆ. ಇಷ್ಟೆಲ್ಲ ಸೂತ್ರ ಬೇಕಾ?

ಸುಮಾ_ಹನಿಲ್ಯಾಬ್
ಸರ್, ನೀವು ಮಾಡುತ್ತಿರುವುದೂ ಸೂತ್ರದ ಕೆಲಸವೇ. ವಾಷಿಂಗ್ಟನ್ನಿನ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಜಿಸ್ಮನ್ ಅನ್ನುವವರು ಬೇರೆ ಬೇರೆ ಎಳೆತದ ದ್ರವಗಳನ್ನು ಒಂದೇ ಪ್ಲಾಸ್ಟಿಕ್ ಮೇಲೆ ಇಟ್ಟು ನೋಡಿದರು. ದ್ರವದ ಎಳೆತ ಒಂದು ಮಿತಿಗಿಂತ ಕೆಳಗೆ ಇಳಿದರೆ ಅದು ಪೂರ್ತಿ ಹರಡುತ್ತದೆ. ಪಾಲಿಥೀನ್‌ಗೆ ಆ ಮಿತಿ ಮೀಟರಿಗೆ ಸುಮಾರು 31 ಮಿಲಿನ್ಯೂಟನ್, ಟೆಫ್ಲಾನ್‌ಗೆ ಸುಮಾರು 18. ನಿಮ್ಮ ಪೆನ್ ಮೇಲೆ ಬರೆದಿರುವ ಡೈನ್ ಸಂಖ್ಯೆ ಇದೇ ಲೆಕ್ಕದ್ದು. 72ರ ನೀರು 31ರ ಪಾಲಿಥೀನ್ ಮೇಲೆ ಹರಡುವ ಮಾತೇ ಇಲ್ಲ. ಕರೋನಾ ಕೊಟ್ಟಾಗ ಮೇಲ್ಮೈಯಲ್ಲಿ ಆಮ್ಲಜನಕ ಸೇರಿದ ಗುಂಪುಗಳು ಹುಟ್ಟುತ್ತವೆ, ಮಿತಿ ಮೇಲೇರುತ್ತದೆ.

ಪೀಣ್ಯ_ಪ್ರಿಂಟರ್
ಹೌದು, ನಾವು 38ರ ಪೆನ್ ಇಟ್ಟುಕೊಂಡಿದ್ದೇವೆ. ಆದರೆ ರೋಲ್ ಗೋಡೌನ್‌ನಲ್ಲಿ ಜಾಸ್ತಿ ದಿನ ಬಿದ್ದಿದ್ದರೆ ಟ್ರೀಟ್‌ಮೆಂಟ್ ಹಾರಿಹೋಗಿರುತ್ತದೆ.

ಸುಮಾ_ಹನಿಲ್ಯಾಬ್
ಫಿಲ್ಮ್ ಜಾರಲಿ ಎಂದು ಬೆರೆಸಿದ ಸ್ಲಿಪ್ ಪದಾರ್ಥ ನಿಧಾನವಾಗಿ ಮೇಲಕ್ಕೆ ಬರುತ್ತದೆ. ಮೇಲ್ಮೈಯ ಅಣು ಸರಪಳಿಗಳೂ ತಿರುಗಿಕೊಳ್ಳುತ್ತವೆ. ಟ್ರೀಟ್ ಮಾಡಿ ಬೇಗ ಪ್ರಿಂಟ್ ಮಾಡುವ ನಿಮ್ಮ ಪದ್ಧತಿಯೇ ಸರಿ.

ಪತ್ರೊಡೆ_ಪ್ರಿಯೆ
ನಾನು ವಿಜ್ಞಾನ ಓದಿದವಳಲ್ಲ. ಊರು ಕರಾವಳಿ, ಮನೆ ವಿಜಯನಗರ. ಕೆ.ಆರ್. ಮಾರ್ಕೆಟ್‌ನಿಂದ ಕೆಸುವಿನ ಎಲೆ ತಂದು ತೊಳೆದರೆ ನೀರು ನಿಲ್ಲುವುದೇ ಇಲ್ಲ, ಮಣಿಯ ಹಾಗೆ ಉರುಳಿ ಹೋಗುತ್ತದೆ. ಅಷ್ಟು ನೀರು ದ್ವೇಷಿಸುವ ಎಲೆಗೆ ಪತ್ರೊಡೆಯ ಹಿಟ್ಟು ಹೇಗೆ ಮೆತ್ತಿಕೊಳ್ಳುತ್ತದೆ? ಹಬೆಯಲ್ಲಿ ಬೇಯಿಸಿದ ಮೇಲಂತೂ ಎಲೆ ಒದ್ದೆಯಾಗಿಯೇ ಇರುತ್ತದೆ.

ಸುಮಾ_ಹನಿಲ್ಯಾಬ್
ಅಮ್ಮಾ, ಈ ಥ್ರೆಡ್‌ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿರಲಿಲ್ಲ. ಕೆಸು, ತಾವರೆ ಎರಡೂ ಒಂದೇ ಉಪಾಯ ಮಾಡುತ್ತವೆ. ಎಲೆಯ ಮೇಲೆ ಕಣ್ಣಿಗೆ ಕಾಣದ ಉಬ್ಬುಗಳು, ಅವುಗಳ ಮೇಲೆ ಇನ್ನೂ ಸಣ್ಣ ಮೇಣದ ಹರಳುಗಳು. ಹನಿ ಉಬ್ಬುಗಳ ತುದಿಯ ಮೇಲೆ ಮಾತ್ರ ಕೂರುತ್ತದೆ, ಕೆಳಗೆ ಗಾಳಿ. ಬಾರ್ಟ್‌ಲಾಟ್ ಮತ್ತು ನೈನ್‌ಹೌಸ್ 1997ರಲ್ಲಿ ತಾವರೆ ಎಲೆ ಹೇಗೆ ಕೊಳೆಯಿಲ್ಲದೆ ಇರುತ್ತದೆ ಎಂದು ವಿವರಿಸಿದ್ದು ಇದನ್ನೇ.

ಇದರ ಲೆಕ್ಕ ಹಾಕಿದ್ದು ಕ್ಯಾಸಿ ಮತ್ತು ಬ್ಯಾಕ್ಸ್‌ಟರ್, 1944ರಲ್ಲಿ. ಅವರು ಉಣ್ಣೆ ಉದ್ಯಮದ ಸಂಶೋಧನೆಯವರು. ಬಟ್ಟೆ ಒದ್ದೆಯಾಗಬಾರದು ಅನ್ನುವುದು ಅವರ ಚಿಂತೆ. ಬಾತುಕೋಳಿಯ ಗರಿಯನ್ನೂ ಎದುರಿಗೆ ಇಟ್ಟುಕೊಂಡಿದ್ದರು. ಹನಿಯ ಕೆಳಗೆ 100ರಲ್ಲಿ 10 ಭಾಗ ಮಾತ್ರ ಮೇಣ, ಉಳಿದದ್ದು ಗಾಳಿ ಎಂದುಕೊಳ್ಳಿ. ನಯವಾದ ಮೇಣದ 110 ಡಿಗ್ರಿ ಇಲ್ಲಿ 159 ಆಗುತ್ತದೆ. ಬರೀ ಒರಟುತನದಿಂದ 121ಕ್ಕೆ ಬಂದಿದ್ದದ್ದು ಗಾಳಿ ಸೇರಿದ ಕೂಡಲೇ ಇಷ್ಟು ಜಿಗಿಯಿತು.

ಆದರೆ ಈ ಸ್ಥಿತಿ ಗಟ್ಟಿಯಲ್ಲ. ಒತ್ತಡ ಕೊಟ್ಟರೆ ನೀರು ಉಬ್ಬುಗಳ ಸಂದಿಗೆ ಇಳಿಯುತ್ತದೆ, ಕ್ಯಾಸಿ ಹೋಗಿ ವೆಂಜಲ್ ಆಗುತ್ತದೆ. ಲಫುಮಾ ಮತ್ತು ಕೆರೆ ಅವರು 2003ರಲ್ಲಿ ಇದನ್ನು ತೋರಿಸಿದರು. ಹಬೆಯದು ಇನ್ನೊಂದು ದಾರಿ. ಆವಿ ಸಂದಿಯ ಒಳಗೇ ಹೋಗಿ ಅಲ್ಲೇ ನೀರಾಗುತ್ತದೆ. 2005ರಲ್ಲಿ ತಾವರೆ ಎಲೆಯ ಮೇಲೆ ಆವಿಯನ್ನು ತಣಿಸಿ ನೋಡಿದಾಗ ಹನಿಗಳು ಉರುಳದೆ ಅಂಟಿಕೊಂಡವು. ಹಿಟ್ಟಿನ ವಿಷಯಕ್ಕೆ ಬಂದರೆ, ನೀವು ಅದನ್ನು ಕೈಯಿಂದ ಒತ್ತಿ ಸವರುತ್ತೀರಿ. ಅದು ಬರೀ ನೀರೂ ಅಲ್ಲ, ಗಟ್ಟಿ ಹಿಟ್ಟು.

ಪತ್ರೊಡೆ_ಪ್ರಿಯೆ
ಅದಕ್ಕೇ ನಮ್ಮಮ್ಮ ಚೆನ್ನಾಗಿ ಒತ್ತಿ ಹಚ್ಚು ಎನ್ನುತ್ತಿದ್ದರು! ಇನ್ನೊಂದು. ಮಾರ್ಕೆಟ್‌ನ ಗುಲಾಬಿ ದಳದ ಮೇಲೂ ಹನಿ ಗುಂಡಗೇ ನಿಲ್ಲುತ್ತದೆ. ಆದರೆ ದಳವನ್ನು ತಲೆಕೆಳಗೆ ಮಾಡಿದರೂ ಬೀಳುವುದಿಲ್ಲ.

ಸುಮಾ_ಹನಿಲ್ಯಾಬ್
ಬಸವನಗುಡಿ, ಇದನ್ನು ಓದಿದೆಯಾ? 2008ರಲ್ಲಿ ಗುಲಾಬಿ ದಳದ ಬಗ್ಗೆ ಬಂದ ಪ್ರಬಂಧದಲ್ಲಿ ಕೋನ 150ಕ್ಕಿಂತ ಜಾಸ್ತಿ, ಆದರೂ ಹನಿ ತಲೆಕೆಳಗೆ ಅಂಟಿ ನಿಲ್ಲುತ್ತದೆ. ತಾವರೆಯಲ್ಲೂ ಕೋನ 150ಕ್ಕಿಂತ ಜಾಸ್ತಿ, ಅಲ್ಲಿ ಹನಿ ಉರುಳುತ್ತದೆ. ಕೂತ ಹನಿಯ ಒಂದು ಕೋನವನ್ನು ಮಾತ್ರ ಬರೆದರೆ ಇವೆರಡೂ ಒಂದೇ ಥರ ಕಾಣುತ್ತವೆ. ಹಿಂಜರಿಯುವ ಕೋನವನ್ನೂ ಬರೆದರೆ ಗುಟ್ಟು ರಟ್ಟಾಗುತ್ತದೆ.

ಹನಿ ಜಾರುವುದಕ್ಕೆ ಫರ್ಮಿಡ್ಜ್ ಅವರ 1962ರ ಲೆಕ್ಕವಿದೆ. ಎಲೆಗೆ ಸಿಂಪಡಿಸಿದ ಔಷಧಿ ಎಷ್ಟು ಉಳಿಯುತ್ತದೆ ಎಂದು ನೋಡಲು ಮಾಡಿದ್ದು. ಹನಿಯನ್ನು ಹಿಡಿದಿಡುವ ಬಲವೆಂದರೆ ಅಗಲ ಗುಣಿಸು ಮೇಲ್ಮೈ ಎಳೆತ ಗುಣಿಸು ಎರಡು ಕೊಸೈನ್‌ಗಳ ವ್ಯತ್ಯಾಸ. 20 ಮೈಕ್ರೋಲೀಟರ್ ಹನಿ, ಅಗಲ 4 ಮಿಲಿಮೀಟರ್ ಇರಲಿ. ತೂಕ ಸುಮಾರು 196 ಮೈಕ್ರೋನ್ಯೂಟನ್. ಮುನ್ನುಗ್ಗುವ ಕೋನ 70, ಹಿಂಜರಿಯುವುದು 40 ಆದರೆ ಹಿಡಿತ ಸುಮಾರು 122. ಗಾಜನ್ನು 38 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ವಾಲಿಸಿದರೆ ಹನಿ ಹೊರಡುತ್ತದೆ. ಹಿಂಜರಿಯುವ ಕೋನ ಸೊನ್ನೆಯ ಹತ್ತಿರ ಇಳಿದರೆ ವ್ಯತ್ಯಾಸ 0.66ಕ್ಕೆ ಏರುತ್ತದೆ, ಹಿಡಿತ 190 ಆಗುತ್ತದೆ. ಆಗ ಹನಿ ನೆಟ್ಟಗಿನ ಗಾಜಿನ ಮೇಲೂ ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಮಳೆಯಲ್ಲಿ ಬಿಎಂಟಿಸಿ ಬಸ್ಸಿನ ಕಿಟಕಿ ಪಕ್ಕ ಕೂತರೆ ಸಣ್ಣ ಹನಿಗಳು ಅಲ್ಲಾಡದೆ ನಿಲ್ಲುವುದು, ಎರಡು ಸೇರಿ ದೊಡ್ಡದಾದ ಕೂಡಲೇ ಹರಿಯುವುದು ಕಾಣುತ್ತದೆ ಅಲ್ವಾ? ಹಿಡಿತ ಅಗಲದ ಲೆಕ್ಕದಲ್ಲಿ, ತೂಕ ಗಾತ್ರದ ಲೆಕ್ಕದಲ್ಲಿ ಬೆಳೆಯುತ್ತದೆ. ಅದಕ್ಕೇ ಹಾಗೆ.

ಮಲ್ಲೇಶ್ವರದ_ಮೇಷ್ಟ್ರು
ಎಲ್ಲ ಸರಿ. ಆದರೆ ಈಚೆಗೆ ಕೆಲವರು ವೆಂಜಲ್, ಕ್ಯಾಸಿ ಎರಡೂ ತಪ್ಪು ಎಂದು ಹಾರಾಡುತ್ತಾರಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಶಕ್ತಿ ಅತಿ ಕಡಿಮೆ ಇರುವ ಸ್ಥಿತಿ ಹುಡುಕಿ ತೆಗೆದ ಸೂತ್ರಗಳು ಅವು. ಉಷ್ಣಗತಿಶಾಸ್ತ್ರವನ್ನೇ ತಪ್ಪು ಎನ್ನುತ್ತೀರಾ?

ಸುಮಾ_ಹನಿಲ್ಯಾಬ್
ಮೇಷ್ಟ್ರೇ, ನೀವು ಹೇಳುತ್ತಿರುವುದು 2007ರ ಗಾವೊ ಮತ್ತು ಮೆಕಾರ್ಥಿ ಪ್ರಬಂಧ. ವೆಂಜಲ್ ಮತ್ತು ಕ್ಯಾಸಿ ಹೇಗೆ ತಪ್ಪು ಎಂದು ತಲೆಬರಹದಲ್ಲೇ ಹೇಳಿಬಿಟ್ಟಿದ್ದರು, ಗಲಾಟೆ ಆಗದೆ ಇರುತ್ತದೆಯೇ! ಪ್ರಯೋಗ ಮಾತ್ರ ಚೊಕ್ಕ. ಒಂದು ಮೇಲ್ಮೈ, ಅದರ ನಡುವೆ ಬೇರೆ ಗುಣದ ಒಂದು ವೃತ್ತ. ಹೊರಗೆ ನಯ, ವೃತ್ತದ ಒಳಗೆ ಒರಟು. ಅಥವಾ ಹೊರಗೆ ನೀರು ಬೇಡದ್ದು, ಒಳಗೆ ನೀರು ಬೇಕಾದದ್ದು. ಹನಿ ವೃತ್ತವನ್ನು ಪೂರ್ತಿ ಮುಚ್ಚಿ, ಅದರ ಅಂಚು ಹೊರಗೆ ಬಂದ ಮೇಲೆ ಕೋನ ನೋಡಿದರು. ಒಳಗಿನ ವೃತ್ತ ಲೆಕ್ಕಕ್ಕೇ ಬರಲಿಲ್ಲ. ಕೋನ ಹೊರಗಿನ ಮೇಲ್ಮೈಯದೇ. ಇದನ್ನು ಅವರೇ ಮೊದಲು ಹೇಳಿದ್ದಲ್ಲ. ಅಂಚೇ ಮುಖ್ಯ ಎಂದು ಪೀಸ್ 1945ರಲ್ಲೇ ಬರೆದಿದ್ದರು. ಎಕ್ಸ್‌ಟ್ರಾಂಡ್ 2003ರಲ್ಲಿ ಇಂಥದ್ದೇ ಪ್ರಯೋಗ ಮಾಡಿದ್ದರು.

ಉಷ್ಣಗತಿಶಾಸ್ತ್ರಕ್ಕೆ ಇದರಿಂದ ಏನೂ ಆಗುವುದಿಲ್ಲ. ವೆಂಜಲ್ ಸೂತ್ರವನ್ನು ನೀವು ತರಗತಿಯಲ್ಲಿ ಹೇಗೆ ತೆಗೆಯುತ್ತೀರಿ? ಅಂಚನ್ನು ಚೂರೇ ಚೂರು ಮುಂದೆ ಸರಿಸಿ, ಎಷ್ಟು ಹೊಸ ವಿಸ್ತೀರ್ಣ ಒದ್ದೆಯಾಯಿತು ಎಂದು ಕೇಳುತ್ತೀರಿ. ಆ ಹೊಸ ಪಟ್ಟಿ ಅಂಚಿನಲ್ಲೇ ಇದೆ. ಹನಿಯ ಹೊಟ್ಟೆಯ ಕೆಳಗಿರುವುದು ಆಗಲೇ ಒದ್ದೆ, ಅದರ ಶಕ್ತಿ ಬದಲಾಗುವುದಿಲ್ಲ. ಅಂದರೆ ಸೂತ್ರದ ಒಳಗೇ ಅಂಚಿನ ಮಾತು ಇತ್ತು. ಇಡೀ ತಳದ ಒರಟುತನ ಹಾಕಿ ಎಂದು ಹೇಳಿದ್ದು ಆಮೇಲಿನ ರೂಢಿ. ಮೆಕ್‌ಹೇಲ್ ಅದೇ ವರ್ಷ ಕೊಟ್ಟ ಉತ್ತರದ ಸಾರವೂ ಇದೇ. ಅಂಚಿನ ಹತ್ತಿರದ ಒರಟುತನ ಹಾಕಿದರೆ ಸೂತ್ರಗಳು ನಿಲ್ಲುತ್ತವೆ. ಉಬ್ಬುತಗ್ಗು ಎಲ್ಲ ಕಡೆ ಒಂದೇ ಸಮ ಇದ್ದು, ಹನಿ ಅವಕ್ಕಿಂತ ಬಹಳ ದೊಡ್ಡದಾಗಿದ್ದರೆ ಅಂಚಿನ ಲೆಕ್ಕವೂ ತಳದ ಲೆಕ್ಕವೂ ಒಂದೇ ಆಗುತ್ತದೆ. ಮಾರ್ಮರ್ ಬಹಳ ಕಾಲದಿಂದ ಹೇಳುತ್ತಿರುವುದು ಅದನ್ನೇ.

ಮಲ್ಲೇಶ್ವರದ_ಮೇಷ್ಟ್ರು
ಅಂಚು ಸರಿಸುವ ಲೆಕ್ಕ ಒಪ್ಪಿದೆ. ಹಾಗಿದ್ದರೆ ಆ ತಲೆಬರಹ ಅತಿಯಾಯಿತು.

ಸುಮಾ_ಹನಿಲ್ಯಾಬ್
ಅದನ್ನು ನಾನೂ ಒಪ್ಪುತ್ತೇನೆ 🙂

ಸಿಮ್ಯುಲೇಶನ್_ಸೀನ
ವೈಟ್‌ಫೀಲ್ಡ್‌ನಲ್ಲಿ ಫ್ಲೂಯಿಡ್ ಸಿಮ್ಯುಲೇಶನ್ ಕೆಲಸ. ನಿಂತ ಹನಿ ಬಿಡಿ, ಓಡುವ ಹನಿಯದು ಹೇಳಿ. ಕೋಡ್‌ನಲ್ಲಿ ಮೆಶ್, ಅಂದರೆ ಲೆಕ್ಕಕ್ಕೆ ಜಾಗವನ್ನು ತುಂಡು ಮಾಡುವ ಜಾಲರಿ, ಸಣ್ಣದು ಮಾಡಿದಷ್ಟೂ ಉತ್ತರ ನಿಖರವಾಗಬೇಕು. ಹನಿಯ ಅಂಚು ಇರುವ ಕೇಸ್‌ನಲ್ಲಿ ಮಾತ್ರ ಮೆಶ್ ಬದಲಾದ ಹಾಗೆ ಅಂಚಿನ ವೇಗವೇ ಬದಲಾಗುತ್ತದೆ, ಎಲ್ಲೂ ನೆಲೆ ನಿಲ್ಲುವುದಿಲ್ಲ. ಬಗ್ ಎಂದು ಹುಡುಕಿ ಸಾಕಾಯಿತು ಗುರು.

ಸುಮಾ_ಹನಿಲ್ಯಾಬ್
ಬಗ್ ಕೋಡ್‌ನಲ್ಲಲ್ಲ, ಸಿದ್ಧಾಂತದಲ್ಲೇ ಇದೆ. ಗೋಡೆಗೆ ತಾಗಿದ ದ್ರವ ಅಲ್ಲಾಡುವುದಿಲ್ಲ ಎಂದು ನಾವು ಓದಿದ್ದೇವೆ. ಹಾಗಾದರೆ ಅಂಚು ಗೋಡೆಯ ಮೇಲೆ ಸರಿಯುವುದು ಹೇಗೆ? ಹೂ ಮತ್ತು ಸ್ಕ್ರಿವೆನ್ 1971ರಲ್ಲಿ ಲೆಕ್ಕ ಮಾಡಿದಾಗ ಅಂಚಿನಲ್ಲಿ ಉಜ್ಜುವ ಬಲ ಅನಂತವಾಯಿತು. ಈ ಮಾದರಿ ಪೂರ್ತಿ ನಿಜವಾದರೆ ಗ್ರೀಕ್ ಪುರಾಣದ ಹೆರಾಕ್ಲೀಸ್ ಕೂಡ ಒಂದು ಘನವನ್ನು ನೀರಿನಲ್ಲಿ ಮುಳುಗಿಸಲಾರ ಎಂದು ಬರೆದರು. ನಿಮ್ಮ ಮೆಶ್ ಸಣ್ಣದಾದಷ್ಟೂ ಆ ಅನಂತಕ್ಕೆ ಹತ್ತಿರ ಹೋಗುತ್ತಿದ್ದೀರಿ.

ದಾರಿಗಳು ಕೆಲವು ಇವೆ. ಅಣುಗಳ ಮಟ್ಟದಲ್ಲಿ ದ್ರವ ಗೋಡೆಯ ಮೇಲೆ ಸ್ವಲ್ಪ ಜಾರುತ್ತದೆ ಎಂದು ಒಪ್ಪಿಕೊಂಡು, ಆ ಜಾರುವಿಕೆ ಎಷ್ಟೆಂದು ಹೇಳುವ, ಸಾಮಾನ್ಯವಾಗಿ ನ್ಯಾನೋಮೀಟರ್ ಅಳತೆಯ ಜಾರು ಉದ್ದ ಹಾಕುವುದು. ಪೂರ್ತಿ ಹರಡುವ ದ್ರವಕ್ಕೆ ಹನಿಯ ಮುಂದೆ ಓಡುವ ತೆಳು ಪದರವೇ ಸಮಸ್ಯೆ ಬಿಡಿಸುತ್ತದೆ. ಇನ್ನೊಂದು ಬ್ಲೇಕ್ ಮತ್ತು ಹೇನ್ಸ್ ಅವರ 1969ರ ಚಿತ್ರ. ಅದರಲ್ಲಿ ಅಂಚಿನ ಅಣುಗಳು ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯುತ್ತವೆ. ನೀವು ಜಾರು ಉದ್ದವನ್ನು ನೀವೇ ಕೊಡಿ, ಮೆಶ್ ಅದಕ್ಕಿಂತ ಸಣ್ಣದು ಮಾಡಿ. ಅದು ಆಗದಿದ್ದರೆ ಕಾಕ್ಸ್-ವೊಯ್ನೊವ್ ಸಂಬಂಧದಿಂದ ವೇಗಕ್ಕೆ ತಕ್ಕ ಕೋನ ಹಾಕಿ. ಹಾಗೆ ಮಾಡದಿದ್ದರೆ ಮೆಶ್ಶಿನ ಗಾತ್ರವೇ ಜಾರು ಉದ್ದವಾಗಿ ಕೂತಿರುತ್ತದೆ.

ಪರೀಕ್ಷೆಗೆ ಟ್ಯಾನರ್ ನಿಯಮ ಹಿಡಿಯಿರಿ, 1979ರದ್ದು. ಪೂರ್ತಿ ಹರಡುವ ಎಣ್ಣೆಯ ಸಣ್ಣ ಹನಿಯ ತ್ರಿಜ್ಯ ಸಮಯದ ಹತ್ತನೇ ಒಂದರ ಘಾತದಲ್ಲಿ ಬೆಳೆಯುತ್ತದೆ. ಅಂದರೆ ತ್ರಿಜ್ಯ ಎರಡು ಪಟ್ಟಾಗಲು 1024 ಪಟ್ಟು ಸಮಯ. ಇದರಲ್ಲಿ ಸೋಜಿಗವೆಂದರೆ, ಎಣ್ಣೆ ಎಷ್ಟೇ ಜೋರಾಗಿ ಹರಡಲು ಹವಣಿಸಿದರೂ ವೇಗ ಹೆಚ್ಚುಕಡಿಮೆ ಅದೇ. ಹೆಚ್ಚುವರಿ ಶಕ್ತಿಯೆಲ್ಲ ಆ ಮುಂದಿನ ತೆಳು ಪದರದಲ್ಲಿ ಕಳೆದುಹೋಗುತ್ತದೆ ಎಂದು ಡ ಜೆನ್ ತೋರಿಸಿದರು. ಅವರ 1985ರ ಸಮೀಕ್ಷೆ ಈಗಲೂ ಓದಬೇಕಾದದ್ದು. 1991ರ ಭೌತಶಾಸ್ತ್ರದ ನೊಬೆಲ್ ಬಂದದ್ದು ಇವರಿಗೇ.

ಸಿಮ್ಯುಲೇಶನ್_ಸೀನ
ಮೆಶ್ಶೇ ಜಾರು ಉದ್ದ! ಇದನ್ನು ಯಾರೂ ಹೇಳಿರಲಿಲ್ಲ. ನಾಳೆ ಮೀಟಿಂಗ್‌ನಲ್ಲಿ ನನ್ನದೇ ಎಂದು ಹೇಳುತ್ತೇನೆ.

ಬಸವನಗುಡಿ_ಹುಡುಗ
ಅಕ್ಕ, ನನ್ನ ಪ್ಲಾನ್ ಹೀಗೆ ಬದಲಾಯಿಸಿದ್ದೇನೆ. ಮುನ್ನುಗ್ಗುವುದು, ಹಿಂಜರಿಯುವುದು ಎರಡೂ ಬೇರೆ ಬೇರೆ ಕಾಲಂ. ಸರಾಸರಿ ಇಲ್ಲ. ಒರಟು ಮೇಣ ಅಚ್ಚಿನಿಂದ. ಜೊತೆಗೆ ನಡುವೆ ಒರಟು ವೃತ್ತ ಇರುವ ಒಂದು ಸ್ಲೈಡ್. ಇನ್ನೊಂದು ಅನುಮಾನ. ಹನಿ ಇಟ್ಟು ಕ್ಯಾಮೆರಾ ಸರಿಮಾಡುವಷ್ಟರಲ್ಲಿ ಕೋನ ತಾನಾಗೇ ಇಳಿದಿರುತ್ತದೆ. ನಾನು ಏನೂ ಹೀರಿಕೊಂಡಿರುವುದಿಲ್ಲ.

ಸುಮಾ_ಹನಿಲ್ಯಾಬ್
ಗಾಳಿ ಹೀರಿಕೊಂಡಿದೆ. ಬೆಂಗಳೂರಿನ ಮಾರ್ಚ್ ಒಣಹವೆಯಲ್ಲಿ ಸಣ್ಣ ಹನಿ ಬೇಗ ಆರುತ್ತದೆ. ಅಂಚು ಅಂಟಿಕೊಂಡೇ ಇರುತ್ತದೆ, ನೀರು ಕಡಿಮೆಯಾಗುತ್ತದೆ, ಕೋನ ಹಿಂಜರಿಯುವ ಮಟ್ಟದ ಕಡೆಗೆ ಜಾರುತ್ತದೆ. ಹನಿ ಸುತ್ತ ಪುಟ್ಟ ಗಾಜಿನ ಪೆಟ್ಟಿಗೆ ಇಡು, ಒಳಗೆ ಒದ್ದೆ ಹತ್ತಿ. ಕ್ಯಾಮೆರಾ ಮೊದಲೇ ಫೋಕಸ್ ಮಾಡಿ, ನೀರು ತುಂಬುತ್ತಿರುವಾಗಲೇ ವಿಡಿಯೋ ಮಾಡು. ಬೋರ್‌ವೆಲ್ ನೀರು ಬೇಡ, ಡಿಸ್ಟಿಲ್ಡ್ ತಗೊ. ಹನಿ ಜಾಸ್ತಿ ದೊಡ್ಡದೂ ಬೇಡ. ನೀರಿಗೆ 2.7 ಮಿಲಿಮೀಟರ್ ದಾಟಿದರೆ ಗುರುತ್ವ ಹನಿಯನ್ನು ಚಪ್ಪಟೆ ಮಾಡಲು ಶುರುಮಾಡುತ್ತದೆ. ಕೋನ ಅದರಿಂದ ಬದಲಾಗುವುದಿಲ್ಲ, ಆದರೆ ವೃತ್ತದ ಚೂರು ಎಂದುಕೊಂಡು ಲೆಕ್ಕ ಮಾಡುವ ಸಾಫ್ಟ್‌ವೇರ್ ತಪ್ಪು ಕೋನ ಕೊಡುತ್ತದೆ.

ಬಸವನಗುಡಿ_ಹುಡುಗ
ಸಿರಿಂಜ್ ಪಂಪ್ ನಮ್ಮ ಲ್ಯಾಬ್‌ನಲ್ಲಿ ಇಲ್ಲ. ಬಾಡಿಗೆಗೆ ಸಿಗುತ್ತದಾ?

ಪೀಣ್ಯ_ಪ್ರಿಂಟರ್
ಪಂಪ್ ಯಾಕೆ ತಮ್ಮ? ಮೆಡಿಕಲ್ ಶಾಪ್‌ನಲ್ಲಿ ಇನ್ಸುಲಿನ್ ಸಿರಿಂಜ್ ತಗೊ. ಯು-100 ಕೇಳು. ಒಂದು ಯೂನಿಟ್ ಅಂದರೆ 10 ಮೈಕ್ರೋಲೀಟರ್. ಯು-40 ಕೊಟ್ಟರೆ ಒಂದು ಯೂನಿಟ್‌ಗೆ 25 ಆಗುತ್ತದೆ, ಲೆಕ್ಕ ಎಡವಟ್ಟಾಗುತ್ತದೆ. ಕೈಯಲ್ಲಿ ಒತ್ತಿದರೆ ನಡುಗುತ್ತದೆ. ಹಿಂದೆ ಒಂದು ಬೋಲ್ಟ್ ಕೂರಿಸಿ ತಿರುಗಿಸುವ ಹಾಗೆ ಮಾಡಿಕೊ. ಬೇಕಾದರೆ ನಮ್ಮ ಶೆಡ್‌ಗೆ ಬಾ, ಲೇತ್‌ನಲ್ಲಿ ಕ್ಲ್ಯಾಂಪ್ ಮಾಡಿಸಿ ಕೊಡುತ್ತೇನೆ. ಬರುವಾಗ ಮೇಣದ ಸ್ಲೈಡ್ ಒಂದು ತಾ, ನಮ್ಮ ಡೈನ್ ಪೆನ್ ಹಾಕಿ ನೋಡೋಣ.